ರವಣಣ್ಣ ತಂದ ಉಡುದಾರ

ಶಿಡ್ಲಘಟ್ಟ
26 ಆಗಸ್ಟ್ 2007

ಮಾನ್ಯ ಗಂಗುಲಪ್ಪನವರಿಗೆ ನಮಸ್ಕಾರಗಳು.

ನಮ್ಮ ತಂದೆಗೆ ಹುಷಾರಿಲ್ಲ, ಆದ್ದರಿಂದ ಉತ್ತರವನ್ನು ನಾನು ಬರೆಯುತ್ತಿದ್ದೇನೆ ಎಂದು ಶುರು ಮಾಡಬೇಕೆಂದಿದ್ದೆ. ಹಾಗೆ ಬರಿ ಎಂದವರೂ ಅವರೇ. ಆದರೆ ಅವರು ಹುಷಾರಾಗಿದ್ದಾರೆ. ಬೆಳಿಗ್ಗೆ ಕೆರೆ ಏರಿಯವರೆಗೆ ನಡೆದು ಬರುತ್ತಾರೆ, ಪೇಪರನ್ನು ಹಿಂದಿನ ಪುಟದಿಂದ ಓದುತ್ತಾರೆ, ಸಾರಿಗೆ ಉಪ್ಪು ಕಡಿಮೆಯೆಂದು ಜಗಳ ತೆಗೆಯುತ್ತಾರೆ. ನಿಮ್ಮ ಪತ್ರವನ್ನು ಎರಡು ಸಲ ಓದಿ, ಮಡಚಿ, "ನೀನೇ ಬರಿಯಮ್ಮ, ನಂಗೆ ಕೈ ನಡುಗುತ್ತೆ" ಎಂದರು. ಅವರ ಕೈ ನಡುಗುವುದಿಲ್ಲ. ಇದನ್ನು ಹೇಳದೆ ಬಿಟ್ಟುಬಿಡುವವಳಿದ್ದೆ. ಮೊದಲ ಸಾಲೇ ಸುಳ್ಳಾದರೆ ಮಿಕ್ಕಿದ್ದನ್ನು ಬರೆಯಲು ನನಗೇ ಕಷ್ಟವಾಗುತ್ತದೆ ಎನಿಸಿತು.

ನಾನು ವೆಂಕಟರವಣಪ್ಪನವರ ಮಗಳು ತನುಜ. ಇಲ್ಲಿನ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಅಪ್ಪನ ವರ್ಗಾವಣೆಗಳ ಹಿಂದೆ ಊರೂರು ಅಲೆದು ಇಂಗ್ಲಿಷಿನಲ್ಲೇ ಓದಿದವಳು, ಕನ್ನಡದಲ್ಲಿ ಪತ್ರ ಬರೆಯುವ ರೂಢಿ ಕಡಿಮೆ. ಫೋನ್ ಮಾಡೋಣವೆಂದರೆ ಶೆಲ್ ಸಿಡಿದಾಗ ಕೆಟ್ಟ ನಿಮ್ಮ ಕಿವಿಗೆ ಈಗ ಫೋನಿನ ಮಾತು ಕೇಳಿಸುವುದಿಲ್ಲವೆಂದು ಬರೆದಿದ್ದೀರಿ.

ನೀವು ಕೇಳಿದ್ದನ್ನು ನಾನು ಸರಿಯಾಗಿ ಅರ್ಥ ಮಾಡಿಕೊಂಡಿದ್ದೇನೆಯೇ ನೋಡಿ. ಎಪ್ಪತ್ತೊಂದರ ಯುದ್ಧದಲ್ಲಿ ನೀವಿಬ್ಬರೂ ಪಾಕಿಸ್ತಾನದಲ್ಲಿ ಸೆರೆಯಾಳುಗಳಾಗಿದ್ದಿರಿ. ಗಾಯಾಳುಗಳನ್ನು ಮೊದಲು ಬಿಟ್ಟಾಗ ನಮ್ಮ ತಂದೆ ಬಂದರು, ನೀವು ಅಲ್ಲೇ ಉಳಿದಿರಿ. ಬದುಕಿದ್ದೀರೆಂಬ ಗುರುತಿಗಾಗಿ ನಿಮ್ಮ ಬೆಳ್ಳಿ ಉಡುದಾರವನ್ನು ಅವರ ಜೊತೆ ನಗರಗೆರೆಯ ಮನೆಗೆ ಕಳಿಸಿದಿರಿ. ಅವರು ತಲುಪಿಸಿದರು. ಆದರೆ ಮನೆಯವರು ನೀವು ತೀರಿಹೋದಿರೆಂದು ತಿಳಿದು ಕರ್ಮ ಮಾಡಿ ಮುಗಿಸಿದರು. ನಿಮ್ಮ ಹೆಂಡತಿ ಓಬಳಮ್ಮನವರನ್ನು ಅವರ ತವರಿನವರು ಕರೆದುಕೊಂಡು ಹೋಗಿ ಚಿಂತಾಮಣಿ ಕಡೆಯ ಒಬ್ಬರಿಗೆ ಕೂಡಿಕೆ ಮಾಡಿಕೊಟ್ಟರು. ವರ್ಷದ ಕೊನೆಗೆ ಬಿಡುಗಡೆಯಾಗಿ ಬಂದ ನೀವು ಅದನ್ನು ನೋಡಿ ಊರನ್ನೇ ಬಿಟ್ಟಿರಿ. "ತಂದವನು ಏನೂ ಹೇಳದೆ ಹೋದ" ಎನ್ನುವ ನಿಮ್ಮಣ್ಣ ಚೆನ್ನರಾಯಪ್ಪನವರ ಮಾತನ್ನು ನೀವು ಯಾವತ್ತೂ ನಂಬಲಿಲ್ಲ. ಈಗ ಅವರು ಹಾಸಿಗೆ ಹಿಡಿದಿದ್ದಾರೆ, ನಿಮ್ಮನ್ನು ನೋಡಬೇಕೆನ್ನುತ್ತಿದ್ದಾರೆ. ಹೋಗಬೇಕೋ ಬೇಡವೋ ಎಂದು ತೀರ್ಮಾನಿಸಲು ನಿಮಗೆ ಬೇಕಾಗಿರುವುದು ಒಂದೇ ಉತ್ತರ: ಗಂಗುಲಪ್ಪ ಬದುಕಿದ್ದಾನೆಂದು ನಮ್ಮ ತಂದೆ ಅಂದು ಹೇಳಿದರೇ, ಇಲ್ಲವೇ?

ಅಪ್ಪನನ್ನು ಕೇಳಿದೆ. "ಹೇಳ್ದೆ ಅಂತ ಬರಿ" ಎಂದರು.

ಹೇಳಿದ್ದಾರೆ.

ಇತಿ,
ತನುಜ



ಖಡಕಿ, ಪುಣೆ
9 ಸೆಪ್ಟೆಂಬರ್ 2007

ಚಿ. ತನುಜಳಿಗೆ ಆಶೀರ್ವಾದಗಳು.

ಮಾನ್ಯ ಗೀನ್ಯ ಅನ್ನಬೇಡಮ್ಮ, ಯಾವುದೋ ಆಫೀಸಿನಿಂದ ನೋಟೀಸು ಬಂದ ಹಾಗೆ ಆಗುತ್ತದೆ. ನಿಮ್ಮಪ್ಪ ನನಗಿಂತ ಮೂರು ವರ್ಷಕ್ಕೆ ದೊಡ್ಡವನು. ಚಿಕ್ಕಪ್ಪ ಅನ್ನು.

ನಿನ್ನ ಪತ್ರವನ್ನು ನನ್ನ ಮನೆಯವಳು ತಿರುಗಿಸಿ ತಿರುಗಿಸಿ ನೋಡಿದಳು. ಅವಳು ಮರಾಠಿಯವಳು. "ಜಿಲೇಬಿ ಅಂಗಡಿಯ ಹಾಗಿದೆ, ಏನು ಬರೆದಿದ್ದಾರೆ?" ಎಂದಳು. ರವಣಣ್ಣ ಬದುಕಿದ್ದಾನಂತೆ, ಸಾರಿಗೆ ಉಪ್ಪು ಹಾಕಿಸಿಕೊಳ್ಳುತ್ತಾನಂತೆ ಎಂದೆ. ಶಿಬಿರದಲ್ಲೂ ಅವನದು ಅದೇ ಗೋಳು. ಬೇಳೆ ನೀರಿನಲ್ಲಿ ಬೇಳೆ ಇಲ್ಲದಿದ್ದರೂ ಚಿಂತೆಯಿಲ್ಲ, ಉಪ್ಪಿಲ್ಲವೆಂದು ಕೂಗಾಡುತ್ತಿದ್ದ. ನಾವು ಒಂದೇ ತಟ್ಟೆಯಲ್ಲಿ ಉಂಡವರು. ತಟ್ಟೆ ಕಡಿಮೆ ಇದ್ದವು ಎನ್ನುವುದು ನಿಜ, ಆದರೆ ತಟ್ಟೆ ಸಾಕಷ್ಟು ಬಂದ ಮೇಲೂ ನಾವು ಬೇರೆ ಮಾಡಿಕೊಳ್ಳಲಿಲ್ಲ.

ಉಡುದಾರದ ಕಥೆ ಅಪ್ಪ ಹೇಳಿದ್ದಾನೋ ಇಲ್ಲವೋ. ಹಿಡಿದ ಮೂರನೆಯ ದಿನ ನಮ್ಮನ್ನು ಸಾಲಾಗಿ ನಿಲ್ಲಿಸಿ ಮೈಮೇಲಿದ್ದದ್ದನ್ನೆಲ್ಲ ಬಿಚ್ಚಿಸಿಕೊಂಡರು. ಗಡಿಯಾರ, ಉಂಗುರ, ತಾಯಿತ, ಬಾಚಣಿಗೆ. ಒಬ್ಬೊಬ್ಬರದು ಒಂದೊಂದು ಬಟ್ಟೆ ಚೀಲಕ್ಕೆ ಹಾಕಿ ನಂಬರು ಕಟ್ಟಿದರು. ಉಡುದಾರ ಬಿಚ್ಚುವುದಕ್ಕೆ ಒಬ್ಬ ಇಕ್ಕಳ ಹಿಡಿದು ನಿಂತಿದ್ದ. ನನ್ನದಕ್ಕೆ ಕೊಂಡಿ ಇದೆ, ಬಿಚ್ಚಿ ಕೊಡುತ್ತೇನೆ ಎಂದೆ, ಗಾಬರಿಯಲ್ಲಿ ಕನ್ನಡದಲ್ಲೇ ಅಂದೆ. ಅವನಿಗೆ ಏನು ಅರ್ಥವಾಗಬೇಕು? ಕಟ್ ಅನ್ನಿಸಿದ. ನಮ್ಮ ಕಡೆ ಹೆಣದ ಸೊಂಟದಿಂದ ಬಿಟ್ಟರೆ ಯಾವ ಗಂಡಸಿನ ಉಡುದಾರವನ್ನೂ ಕತ್ತರಿಸುವುದಿಲ್ಲ, ನಿನಗೆ ಗೊತ್ತಿರುತ್ತದೆ. ಆ ರಾತ್ರಿ ಎಲ್ಲರೂ ಸೊಂಟ ಮುಟ್ಟಿ ಮುಟ್ಟಿ ನೋಡಿಕೊಂಡರು. ರವಣಣ್ಣನೇ ಕೊನೆಗೆ, "ಲೋ ಗಂಗುಲ, ನಾವೆಲ್ಲ ಸತ್ತೋದ್ವಿ ಕಣೋ. ಇನ್ಮೇಲೆ ಊಟ ಕೇಳಂಗಿಲ್ಲ" ಎಂದು ನಗಿಸಿದ. ಆಮೇಲೆ ರೂಢಿಯಾಯಿತು. ಎಲ್ಲರ ಸೊಂಟವೂ ಬರಿದು. ಅದು ಕತ್ತರಿಸಿದ ಉಡುದಾರ ಎನ್ನುವುದೇ ಮರೆತುಹೋಯಿತು. ಇಲ್ಲದಿದ್ದರೆ ಗಂಟಾದರೂ ಹಾಕಿ ಕಳಿಸುತ್ತಿದ್ದೆ.

ರವಣಣ್ಣನ ಸರದಿ ಬಂದಾಗ ಅಲ್ಲಿನ ಸುಬೇದಾರನ ಕಾಲು ಹಿಡಿದೆ. ಒಳ್ಳೆಯವನು. ನನ್ನ ಚೀಲದಿಂದ ತೆಗೆದು ರವಣಣ್ಣನ ಚೀಲಕ್ಕೆ ಹಾಕಿಸಿದ. ನನ್ನ ಹೆಸರು ಆಗಿನ್ನೂ ಕಾಣೆಯಾದವರ ಪಟ್ಟಿಯಲ್ಲಿತ್ತು. ನಾನು ಬರೆದ ಕಾರ್ಡು ನಗರಗೆರೆ ಮುಟ್ಟಿದ್ದು ಆಷಾಢ ಕಳೆದ ಮೇಲೆ, ಓಬಳಮ್ಮ ಅಷ್ಟರಲ್ಲಿ ಬೇರೆಯವರ ಮನೆ ಸೇರಿದ್ದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಈಗ ಅವಳೂ ಇಲ್ಲ.

ರವಣಣ್ಣ ಹೇಳಿದ ಎಂದು ಬರೆದೆಯಲ್ಲ, ಅಷ್ಟು ಸಾಕಾಗಿತ್ತು. ಆದರೂ ಇನ್ನೊಂದು ಕೇಳುತ್ತೇನೆ. ಕಾಲಿಗೆ ಪೆಟ್ಟು ಬಿದ್ದವನು ಅಷ್ಟು ದೂರ ಕುಂಟಿಕೊಂಡು ಹೋದರೆ ನಮ್ಮಮ್ಮ ಒಳಗೆ ಕೂರಿಸಿ ಒಂದು ಮುದ್ದೆ ಇಕ್ಕದೆ ಕಳಿಸಿರುವುದಿಲ್ಲ. ಊಟಕ್ಕೆ ಕೂತಾಗ ಏನೇನು ಮಾತಾಯಿತು? ಅಣ್ಣ ಎದುರಿಗಿದ್ದನಾ? ಅದನ್ನು ಬರಿ.

ನಾನು ಎಪ್ಪತ್ತಮೂರರಲ್ಲಿ, ಎಪ್ಪತ್ತನಾಲ್ಕರಲ್ಲಿ ರವಣಣ್ಣನಿಗೆ ಕಾರ್ಡು ಹಾಕಿದ್ದೆ. ವರ್ಗಾವಣೆಯಾಗಿ ಕೈಗೆ ಸಿಕ್ಕಿರಲಿಕ್ಕಿಲ್ಲ.

ನಿನ್ನ ಚಿಕ್ಕಪ್ಪ,
ಗಂಗುಲಪ್ಪ



ಶಿಡ್ಲಘಟ್ಟ
23 ಸೆಪ್ಟೆಂಬರ್ 2007

ಚಿಕ್ಕಪ್ಪನವರಿಗೆ ನಮಸ್ಕಾರಗಳು.

ಉತ್ತರ ತಡವಾಯಿತು. ಎರಡು ಸಲ ಬರೆದು ಹರಿದೆ. ಪರೀಕ್ಷೆಯ ಪೇಪರು ತಿದ್ದುವುದಿತ್ತು ಎಂದು ನೆಪ ಹೇಳಬಹುದು, ಪೇಪರುಗಳು ಇದ್ದದ್ದೂ ನಿಜ.

ನಿಮ್ಮ ಪತ್ರವನ್ನು ಅಪ್ಪನಿಗೆ ಜೋರಾಗಿ ಓದಿ ಹೇಳಿದೆ. "ಊಟ ಕೇಳಂಗಿಲ್ಲ" ಎನ್ನುವಲ್ಲಿ ನಕ್ಕರು. "ಗಡಿ ದಾಟಿದ್ಮೇಲೆ ನಮ್ಮ ಕಡೆ ಆಫೀಸರು ಚೀಲ ಸುರುವಿ ನೋಡಿ, ಏನಯ್ಯಾ, ನಿಂಗೆ ಎರಡು ಸೊಂಟವಾ ಅಂದ. ಒಂದು ನಂದು, ಒಂದು ಸಾಲ ತಂದಿದ್ದು ಸಾರ್ ಅಂದೆ" ಎಂದು ಸೇರಿಸಿದರು. ಅವರು ಅಷ್ಟು ನಕ್ಕಿದ್ದನ್ನು ನೋಡಿ ಬಹಳ ದಿನವಾಗಿತ್ತು. ನಿಮ್ಮ ಅಮ್ಮ ಒಳಗೆ ಕೂರಿಸಿ ಮುದ್ದೆ ಇಕ್ಕಿದ ಸಾಲಿಗೆ ಬರುವಷ್ಟರಲ್ಲಿ ಎದ್ದು ಹಿತ್ತಲಿಗೆ ಹೋದರು. ಹಿತ್ತಲಲ್ಲಿ ಅವರಿಗೆ ಏನೂ ಕೆಲಸವಿರಲಿಲ್ಲ.

ಊಟದ ವಿಷಯ ನೆನಪಿಲ್ಲವಂತೆ. "ಅಷ್ಟು ಹಿಂದಿನ ಅನ್ನ ಯಾರಿಗೆ ನೆನಪಿರುತ್ತೆ?" ಎಂದರು. ನಿಮ್ಮಣ್ಣ ಅಲ್ಲಿದ್ದರಂತೆ. ನಮ್ಮ ತಂದೆಗೆ ಕಾಣುವಷ್ಟು ಹತ್ತಿರದಲ್ಲೇ ಇದ್ದರಂತೆ. ಅದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ, ನಾನು ಒತ್ತಾಯಿಸಲಿಲ್ಲ.

ಒಂದು ಮಾತು ಕೇಳಲೇ? ಮಂಡಿಕಲ್ ಹೋಬಳಿಯ ನಮ್ಮ ಊರಿನಲ್ಲಿ ನಮ್ಮ ತಂದೆಯ ಮನೆ ಯಾವ ಕೇರಿಯಲ್ಲಿತ್ತು ಎನ್ನುವುದು ನಿಮಗೆ ಗೊತ್ತಿತ್ತಲ್ಲವೇ?

ಇತಿ,
ತನುಜ



ಖಡಕಿ
4 ಅಕ್ಟೋಬರ್ 2007

ತನುಜಾ,

ಕೇರಿ ಗೀರಿ ಶಿಬಿರದಲ್ಲಿ ಯಾರು ಕೇಳುತ್ತಿದ್ದರಮ್ಮ? ಗೊತ್ತಿತ್ತು. ಗೊತ್ತಿದ್ದರೇನಾಯಿತು?

ಅಣ್ಣ ಅಲ್ಲೇ ಇದ್ದ. ರವಣಣ್ಣ ಹೇಳಿದ. ಅಂದರೆ ಕೇಳಿಸಿಕೊಂಡೇ ನನಗೆ ಕರ್ಮ ಮಾಡಿದ. ಹೊಲ ಇಬ್ಭಾಗವಾಗುವುದು ತಪ್ಪಿತು. ಅವನು ಕೆಟ್ಟವನೆಂದು ನನಗೆ ಮೂವತ್ತೈದು ವರ್ಷದಿಂದ ಗೊತ್ತಿದ್ದರೂ ಎಲ್ಲೋ ಒಂದು ಚೂರು ಅನುಮಾನ ಉಳಿಸಿಕೊಂಡಿದ್ದೆ. ನೀನು ಅದನ್ನು ತೀರಿಸಿದೆ, ಒಳ್ಳೆಯದಾಯಿತು.

ಬರುವುದಿಲ್ಲವೆಂದು ಅಣ್ಣನ ಮಗ ಮಧುಸೂದನನಿಗೆ ನಿನ್ನೆ ಬರೆದು ಹಾಕಿದೆ. ಸತ್ತರೂ ತಿಳಿಸಬೇಡ ಎಂದಿದ್ದೇನೆ.

ಗಂಗುಲಪ್ಪ



ಶಿಡ್ಲಘಟ್ಟ
10 ಅಕ್ಟೋಬರ್ 2007

ಚಿಕ್ಕಪ್ಪನವರಿಗೆ,

ಪತ್ರ ಇವತ್ತು ಮಧ್ಯಾಹ್ನ ಬಂತು, ಈಗಲೇ ಬರೆಯುತ್ತಿದ್ದೇನೆ. ದಯವಿಟ್ಟು ಸ್ವಲ್ಪ ತಡೆಯಿರಿ. ಮಧುಸೂದನ್‌ಗೆ ಇನ್ನೊಂದು ಪತ್ರ ಹಾಕಿ, ಮೊದಲಿನದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡ ಎನ್ನಿ. ನಮ್ಮ ತಂದೆ ಹೇಳಿದರೆಂದು ನಾನು ಬರೆದದ್ದು ಅವರು ಹಾಗೆ ಬರಿ ಎಂದದ್ದರಿಂದ. ನಾನು ಅಲ್ಲಿರಲಿಲ್ಲ. ಆಗ ನನಗೆ ಏಳು ವರ್ಷ. ಹೇಳುವುದಕ್ಕೂ ಕೇಳಿಸುವುದಕ್ಕೂ ನಡುವೆ ಏನಾದರೂ ಆಗಿರಬಹುದಲ್ಲ?

ಇದನ್ನು ಯಾಕೆ ಮೊದಲೇ ಬರೆಯಲಿಲ್ಲ ಎಂದು ನನ್ನನ್ನು ನಾನೇ ಕೇಳಿಕೊಳ್ಳುತ್ತಿದ್ದೇನೆ. ಇದೇ ಯೋಚನೆಯಲ್ಲಿ ಮೊನ್ನೆ ಕ್ಲಾಸಿನಲ್ಲಿ ಪಾಠ ಮಾಡುತ್ತಾ ನಡುವೆ ನಿಂತುಬಿಟ್ಟೆ, ಹುಡುಗಿಯರು ಪರಸ್ಪರ ಮುಖ ನೋಡಿಕೊಂಡರು.

ಒಂದು ಸಾಲಾದರೂ ಬರೆಯಿರಿ.

ತನುಜ



ಶಿಡ್ಲಘಟ್ಟ
16 ಅಕ್ಟೋಬರ್ 2007

ಚಿಕ್ಕಪ್ಪನವರಿಗೆ ನಮಸ್ಕಾರಗಳು.

ನಿಮ್ಮ ಉತ್ತರ ಬರುವವರೆಗೆ ಕೂತಿರಲಾಗಲಿಲ್ಲ. ಭಾನುವಾರ ನಗರಗೆರೆಗೆ ಹೋಗಿ ಬಂದೆ. ನಿಮ್ಮನ್ನು ಕೇಳದೆ ಹೋದೆ. ಅಪ್ಪನಿಗೆ ಚಿಕ್ಕಬಳ್ಳಾಪುರದಲ್ಲಿ ಮೀಟಿಂಗು ಎಂದೆ. ನಮ್ಮದು ಬೇರೆ ಜಿಲ್ಲೆಯಾದಾಗಿನಿಂದ ಮೀಟಿಂಗುಗಳಿಗೆ ಕೊರತೆಯಿಲ್ಲ, ಅವರು ನಂಬಿದರು. ಗೌರಿಬಿದನೂರಿನಲ್ಲಿ ಬಸ್ಸು ಬದಲಾಯಿಸುವಾಗ ವಾಪಸ್ಸು ಹೋಗಿಬಿಡೋಣ ಎಂದೂ ಅನ್ನಿಸಿತು.

ನಿಮ್ಮ ಅತ್ತಿಗೆ ಶ್ಯಾಮಲಮ್ಮನವರು ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟರು. ಮಧುಸೂದನ್ ನಿಮ್ಮ ಪತ್ರವನ್ನು ತಂದೆಗೆ ತೋರಿಸಿಲ್ಲ, ಅದು ಅವನ ಜೇಬಿನಲ್ಲೇ ಇದೆ. ನಿಮ್ಮಣ್ಣ ನಡುಮನೆಯ ಮಂಚದ ಮೇಲಿದ್ದಾರೆ. ಬಹಳ ಸೊರಗಿದ್ದಾರೆ. ಗಂಗುಲಪ್ಪನವರ ಪರಿಚಯದವಳು ಎಂದ ಕೂಡಲೇ ಎದ್ದು ಕೂರಲು ನೋಡಿದರು.

"ಏಮಮ್ಮಾ, ಗಂಗುಲು ಕಳಿಸಿದ್ನಾ? ಬತ್ತಾನಂತಾ?"

"ಸುಮ್ನೆ ಮಲಕ್ಕಳಿ, ಕೂತ್ರೆ ಕೆಮ್ಮು ಬತ್ತದೆ" ಎಂದು ಶ್ಯಾಮಲಮ್ಮ ಗದರಿದರು.

"ನೀನು ಸುಮ್ಕಿರು. ಮೂವತ್ತು ವರ್ಷದಿಂದ ಸುಮ್ನೆ ಇದ್ದೀನಲ್ಲ, ಸಾಲ್ದಾ?"

ಅಂದು ಏನಾಯಿತು ಎಂದು ಕೇಳಿದೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ಒಬ್ಬ ಮಿಲ್ಟ್ರಿಯವನು ಬಂದ. ಕಲ್ ಮೇಲೆ ಇಟ್ಟ. ನಮ್ಮಮ್ಮ ಎತ್ಕೊಂಡು ನೋಡ್ದಳು, ತುಂಡಾಗಿತ್ತು. ಅಲ್ಲೇ ಬಿದ್ದೋದಳು. ತಲೆ ಎತ್ತೋವಷ್ಟ್ರಲ್ಲಿ ಅವ್ನು ಹೊರಟಿದ್ದ. ಕೂಗ್ದೆ ಕಣಮ್ಮಾ, ಗಂಟ್ಲು ಹರಿಯಂಗೆ ಕೂಗ್ದೆ. ಎಂಗೋದ, ಎಲ್ಲಿ ಮಣ್ಣು ಮಾಡಿದ್ರು, ಒಂದ್ ಮಾತು ಹೇಳೋ ಅಂತ. ತಿರುಗ್ಲಿಲ್ಲ. ಆ ಉಡುದಾರನೇ ಇಟ್ಟು ಮಣ್ಣು ಮಾಡಿದ್ವಿ. ಬೇರೆ ಏನಿತ್ತು ನಮ್ ಕೈಲಿ?"

ಇಷ್ಟು ಹೇಳಿ ಗೋಡೆ ಕಡೆ ತಿರುಗಿದರು. ಸುಳ್ಳು ಹೇಳುವವರ ಹಾಗೆ ಕಾಣಲಿಲ್ಲ. ನಮ್ಮ ತಂದೆಯೂ ಸುಳ್ಳು ಹೇಳುವವರಲ್ಲ. ಹೆಂಗಸರು ಅಳುತ್ತಿದ್ದ ಗದ್ದಲದಲ್ಲಿ ಅಪ್ಪ ಹೇಳಿದ್ದು ಅವರಿಗೆ, ಅವರು ಕೂಗಿದ್ದು ಅಪ್ಪನಿಗೆ ಕೇಳಿಸದೆ ಹೋಗಿರಬಹುದು. ಹಾಗೆ ತಿಳಿದುಕೊಂಡು ನೀವು ಬರಬಹುದಲ್ಲವೇ? ಬೇಗ ಬನ್ನಿ. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದಾರೆ.

ತನುಜ



ಖಡಕಿ
25 ಅಕ್ಟೋಬರ್ 2007

ತನುಜಮ್ಮ,

ನನ್ನ ಮನೆಗೆ ನನ್ನನ್ನು ಕೇಳದೆ ಹೋದೆ. ಹೋಗಲಿ. ಓದಿದವಳು, ಎರಡೂ ಕಡೆಯವರಿಗೆ ನೋವಾಗದ ಹಾಗೆ ಒಂದು ಪರಿಹಾರ ಹುಡುಕಿದ್ದೀಯ. ಗದ್ದಲ! ಕಿವುಡ ನಾನು. ಅವರಿಬ್ಬರೂ ಕಿವುಡರಾಗಿರಲಿಲ್ಲ.

ಅಣ್ಣ ಕೂಗಿದ್ದರೆ ರವಣಣ್ಣ ತಿರುಗುತ್ತಿದ್ದ. ಗುಂಡು ಹಾರುತ್ತಿದ್ದಾಗ ನಾನು ಒಂದು ಸಲ ಕೂಗಿದ್ದಕ್ಕೆ ತಿರುಗಿ ಬಂದವನು ಅವನು. ಕಾಲಿಗೆ ಏಟು ಬಿದ್ದದ್ದೇ ಹಾಗೆ. ಅದನ್ನು ಅವನು ನಿಮಗೆ ಹೇಳಿರಲಿಕ್ಕಿಲ್ಲ. ಅಂಥವನು ಅಳುತ್ತಿರುವ ಮನೆ ಮುಂದೆ ಬಾಯಿ ಬಿಡದೆ ಹೋದನೆಂದರೆ ನಾನು ನಂಬಬೇಕೇ? ಅದಕ್ಕೇ ಇಷ್ಟು ವರ್ಷ ಅಣ್ಣನನ್ನು ಬಿಟ್ಟು ಅವನನ್ನು ನಂಬಿದೆ.

ಆದರೆ ನಿನ್ನ ಪತ್ರದಲ್ಲಿ ಒಂದು ಮಾತು ಮುಳ್ಳಿನ ಹಾಗೆ ಚುಚ್ಚುತ್ತಿದೆ. ಕಲ್ಲಿನ ಮೇಲೆ ಯಾಕೆ ಇಟ್ಟ? ಕೈಗೆ ಯಾಕೆ ಕೊಡಲಿಲ್ಲ? ನಮ್ಮಮ್ಮನ ಕೈಗೆ ಕೊಡು ಎಂದು ಹೇಳಿದ್ದೆ.

ಇಬ್ಬರಲ್ಲಿ ಒಬ್ಬನ ಮಾತು ಸುಳ್ಳು. ಯಾರದೆಂದು ಬರಿ. ಬರೆಯಲಾಗದಿದ್ದರೆ ಇನ್ನು ಬರೆಯಬೇಡ.

ಗಂಗುಲಪ್ಪ



ಶಿಡ್ಲಘಟ್ಟ
4 ನವೆಂಬರ್ 2007, ಭಾನುವಾರ

ಗಂಗುಲಪ್ಪನವರಿಗೆ,

ಚಿಕ್ಕಪ್ಪ ಎಂದು ಬರೆದು ಹೊಡೆದುಹಾಕಿದೆ. ಈ ಪತ್ರ ಓದಿದ ಮೇಲೂ ಹಾಗೆ ಕರೆಯಬಹುದೆಂದರೆ ತಿಳಿಸಿ.

ನಮ್ಮ ತಂದೆ ಹೇಳಲಿಲ್ಲ. ನಿಮ್ಮಣ್ಣ ಹೇಳುತ್ತಿರುವುದು ನಿಜ. ನೀವು ಬದುಕಿದ್ದೀರೆಂದು ಅಂದು ಅವರಿಗೆ ಯಾರೂ ತಿಳಿಸಲಿಲ್ಲ.

ನೀವು ಕೇಳಿದ್ದು ಇಷ್ಟು. ಇಲ್ಲಿಗೇ ನಿಲ್ಲಿಸಿದರೆ ಅದು ಇನ್ನೊಂದು ಅರ್ಧ ಪತ್ರವಾಗುತ್ತದೆ.

ನಿಮ್ಮ ಪತ್ರವನ್ನು ಅಪ್ಪನ ಮುಂದಿಟ್ಟು, "ಕಲ್ಲಿನ ಮೇಲೆ ಯಾಕೆ ಇಟ್ರಿ ಅಂತ ಕೇಳಿದ್ದಾರೆ" ಎಂದೆ. ಕಡಲೆಕಾಯಿ ಸುಲಿಯುತ್ತಿದ್ದರು. ನೀವು ಕೂಗಿದ್ದಕ್ಕೆ ಅವರು ತಿರುಗಿ ಬಂದು ಏಟು ತಿಂದ ವಿಷಯವನ್ನೂ ಓದಿದರು. ನಮಗೆ ಇದುವರೆಗೆ ಗೊತ್ತಿದ್ದದ್ದು ಅವರು ಮುಳ್ಳುತಂತಿಯ ಮೇಲೆ ಬಿದ್ದರು ಎಂದು. ಸಿಪ್ಪೆಯನ್ನೆಲ್ಲ ಒಂದು ಬದಿಗೆ ಸರಿಸಿದರು. ಆಮೇಲೆ ಮಾತಾಡಿದರು.

"ಬಸ್ ಇಳಿದು ಗಂಗುಲಪ್ಪನ ಮನೆ ಯಾವ್ದು ಅಂದೆ. ಯಾವೂರು, ಯಾರ ಪೈಕಿ ಅಂದ್ರು. ಹೇಳ್ದೆ. ಶಿಬಿರದಲ್ಲಿ ದಿನಾ ಕೇಳಿದ್ದಕ್ಕೆಲ್ಲ ಇದ್ದಂಗೆ ಹೇಳಿ ಹೇಳಿ ಸುಳ್ಳೇ ಬಾಯಿಗೆ ಬರ್ತಿರಲಿಲ್ಲ. ನಾನು ಮನೆ ಮುಟ್ಟೋಕ್ಮುಂಚೆ ಸುದ್ದಿ ಮುಟ್ಟಿತ್ತು. ಬೀದಿ ಆಚೆ ಹುಣಸೆಮರದ ಹತ್ರ ನಿಲ್ಲು ಅಂದ್ರು. ನಿಂತೆ. ಊರೋಕೆ ಕೋಲಿತ್ತು ನನ್ನ ಕೈಲಿ. ಏನು ತಂದಿದ್ದೀಯ, ಆ ಕಲ್ ಮೇಲಿಡು ಅಂದ ಅವನಣ್ಣ. ಬೇರೆ ಯಾರದ್ದಾದ್ರೂ ಇಡ್ತಿರಲಿಲ್ಲ ಕಣಮ್ಮ. ಗಂಗುಲಂದು ಅಂತ ಇಟ್ಟೆ."

"ಆಮೇಲೆ?"

"ಆ ತಾಯಿ ಎತ್ಕೊಂಡ್ಳು. ತುಂಡಾದ ಕಡೆ ನೋಡ್ದಳು, ಎದೆ ಬಡ್ಕೊಂಡಳು. ನಂಗಾಗ್ಲೇ ಹೊಳೀತು, ಇವ್ರು ಏನು ತಿಳ್ಕೊಂಡ್ರು ಅಂತ. ಒಂದು ಮಾತು ಸಾಕಿತ್ತು. ಬಾಯಿ ತೆಗ್ದೆ. ಅಷ್ಟ್ರಲ್ಲಿ ಅವ್ನು ಕೂಗ್ದ."

"ಏನಂತ?"

"ಏನಂತ ಕೂಗ್ತಾರೆ? ನಂಗೆ ಹೆಸರಿರ್ಲಿಲ್ವಾ? ಕೇಳ್ಬೋದಿತ್ತು. ಕೇರಿ ಹಿಡಿದು ಕೂಗ್ದ, ಲೇ ಅಂತ. ಯೂನಿಫಾರ್ಮ್ ಹಾಕಿದ್ದೆ. ಕಾಲಲ್ಲಿ ಹೊಲಿಗೆ ಇನ್ನೂ ಹಸಿ ಇತ್ತು. ಅವರ ಮನೆ ಮಗನ ಜೊತೆ ಒಂದೇ ತಟ್ಟೇಲಿ ಉಂಡು ಬಂದಿದ್ದೆ. ಆ ಕೂಗಿಗೆ ತಿರುಗ್ಬಾರ್ದು ಅಂತ ಅನ್ನಿಸ್ತು. ತಿರುಗ್ಲಿಲ್ಲ. ನಾಳೆ ಯಾರಾದ್ರೂ ವಿಚಾರಿಸ್ಕೊಂಡು ಬರ್ತಾರೆ, ಬಂದೋರಿಗೆ ಹೇಳಣ ಅಂದ್ಕೊಂಡು ಬಸ್ ಹತ್ತಿದೆ. ಯಾರೂ ಬರ್ಲಿಲ್ಲ. ನಾನು ಆಸ್ಪತ್ರೆಗೆ ವಾಪಸ್ ಹೋದೆ. ಗಂಗುಲ ಬಂದ್ರೆ ಎಲ್ಲಾ ಸರಿಹೋಗ್ತದೆ ಅಂದ್ಕೊಂಡೆ. ಆ ಹುಡುಗೀನ ಅಷ್ಟು ಬೇಗ ಕೂಡಿಕೆ ಮಾಡ್ತಾರೆ ಅಂತ ಯಾರಿಗೆ ಗೊತ್ತಿತ್ತು?"

"ಅವರ ಕಾರ್ಡು ಬಂದಾಗ ಉತ್ತರ ಯಾಕೆ ಬರೀಲಿಲ್ಲ?"

"ಎರಡೂ ಬಂತು. ಏನಂತ ಬರೀಲಿ? ಬರೆದ್ರೆ ಅವನ ಮನೆಯವರು ನನ್ನ ಎಲ್ಲಿ ನಿಲ್ಲಿಸಿದ್ರು ಅಂತ್ಲೂ ಬರೀಬೇಕಿತ್ತು. ಅವನಿಗೆ ಅದು ಗೊತ್ತಾಗೋದು ಬೇಡ ಅನ್ನಿಸ್ತು."

ಇದು ಅವರ ಮಾತು. ನಾನು ಏನನ್ನೂ ತಿದ್ದಿಲ್ಲ.

ಮೂರು ದಿನದಿಂದ ಮನಸ್ಸು ನನ್ನನ್ನು ಎರಡು ಕಡೆ ಎಳೆದಾಡುತ್ತಿದೆ. ಬಾಯಿ ತೆರೆದವರು ಮುಚ್ಚಿಕೊಂಡದ್ದರಿಂದ ಒಬ್ಬ ಹೆಂಗಸಿನ ಬಾಳು, ನಿಮ್ಮ ಬಾಳು ಬೇರೆಯೇ ಆಯಿತು. ಅದನ್ನು ಸಣ್ಣದೆಂದು ಹೇಳಲು ನನ್ನಿಂದಾಗದು. ಹಾಗೆಂದು ಅವರು ಅಂದು ತಿರುಗಬೇಕಿತ್ತು ಎಂದು ಬರೆಯಲು ಹೋದರೆ ಪೆನ್ನು ನಿಲ್ಲುತ್ತದೆ. ಆ ಕೂಗಿಗೆ ಅವರ ಅಪ್ಪ ತಿರುಗುತ್ತಿದ್ದರು, ಅವರ ತಾತ ತಿರುಗುತ್ತಿದ್ದರು. ಇವರು ತಿರುಗದೆ ಹೋದ ಮೊದಲ ಸಲ ಅದೇ ದಿನವಾಯಿತು. ನಮ್ಮ ಮನೆಯಲ್ಲಿ ಎಲ್ಲರಿಗೂ ಬೇಕಾಗಿದ್ದದ್ದು ಆ ದಿನವೇ. ನಾನು ಓದಿದ ಶಾಲೆ, ನಾವು ಬೌದ್ಧರಾದದ್ದು, ಈ ಕೆಲಸ, ಎಲ್ಲವೂ ಅಲ್ಲಿಂದ ಶುರುವಾಯಿತೇನೋ. ಅದರ ಬೆಲೆಯನ್ನು ನೀವು ಕೊಟ್ಟಿರಿ. ಇದನ್ನು ಹೇಗೆ ತೂಗಬೇಕೋ ನನಗೆ ಗೊತ್ತಿಲ್ಲ.

ಇನ್ನೊಂದು ಹೇಳಬೇಕು. ಶ್ಯಾಮಲಮ್ಮನವರು ಒಳಗೆ ಕರೆದು ಕಾಫಿ ಕೊಟ್ಟರು ಎಂದು ಬರೆದಿದ್ದೆ. ಅದಕ್ಕೆ ಮೊದಲು ಬಾಗಿಲಲ್ಲಿ ಅವರು, "ಯಾವೂರಮ್ಮ? ಯಾರ ಪೈಕಿ?" ಎಂದು ಕೇಳಿದ್ದರು. ನಾನು, "ಶಿಡ್ಲಘಟ್ಟ. ಕಾಲೇಜಲ್ಲಿ ಲೆಕ್ಚರರ್" ಎಂದೆ. ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ. ಅವರು ನಕ್ಕು ಒಳಗೆ ಕರೆದರು. ನಿಮ್ಮಣ್ಣ ಇಷ್ಟೆಲ್ಲ ಹೇಳಿದ್ದು ಆ ಉತ್ತರದ ಬಲದಿಂದ. ಸರಿಯಾದ ಉತ್ತರ ಕೊಟ್ಟಿದ್ದರೂ ಇಂದು ಅವರು ಒಳಗೆ ಕರೆಯುತ್ತಿದ್ದರೋ ಏನೋ, ಅವರಿಗೆ ಆ ಅವಕಾಶವನ್ನು ನಾನು ಕೊಡಲಿಲ್ಲ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಬಾಯಲ್ಲಿ ಆ ಕಾಫಿಯ ರುಚಿ ಹೋಗಲೇ ಇಲ್ಲ.

ನಿಮ್ಮಣ್ಣ ಕೂಗಿದೆನೆಂದು ಹೇಳಿದರು. ಏನೆಂದು ಕೂಗಿದೆನೆಂದು ಹೇಳಲಿಲ್ಲ. ಮುಚ್ಚಿಟ್ಟರೆಂದು ನನಗನ್ನಿಸುವುದಿಲ್ಲ. ಅವರಿಗೆ ಅದು ನೆನಪಿಟ್ಟುಕೊಳ್ಳುವಂಥ ಮಾತೇ ಆಗಿರಲಿಲ್ಲ. ಹೊಲಕ್ಕಾಗಿ ಅವರು ಏನನ್ನೂ ಮಾಡಲಿಲ್ಲ. ತಮ್ಮ ಸತ್ತನೆಂದು ನಂಬಿ ಅತ್ತರು. ಅವರ ಮೇಲೆ ನನಗಿರುವ ಸಿಟ್ಟು ಬೇರೆ, ಅದನ್ನು ಅವರು ಮಾಡದ ತಪ್ಪಿಗೆ ಸೇರಿಸಲು ನನಗೆ ಹಕ್ಕಿಲ್ಲ. ನಿಮ್ಮ ಎರಡನೆಯ ಪತ್ರಕ್ಕೆ ಉತ್ತರಿಸುವಾಗ ಸೇರಿಸಿಬಿಟ್ಟೆ. ಒತ್ತಾಯಿಸಿ ಕೇಳದೆ ಸುಮ್ಮನಾದದ್ದಕ್ಕೆ ಅದೂ ಒಂದು ಕಾರಣವಿರಬೇಕು.

ಮಧುಸೂದನ್ ನಿನ್ನೆ ಫೋನ್ ಮಾಡಿದ್ದ. ಗಂಜಿ ಮಾತ್ರ ಇಳಿಯುತ್ತಿದೆಯಂತೆ, ಅದೂ ಚಮಚದಲ್ಲಿ. ಬಾಗಿಲು ಸದ್ದಾದಾಗಲೆಲ್ಲ ಯಾರೆಂದು ಕೇಳುತ್ತಾರಂತೆ. ನಿಮ್ಮ ಪತ್ರ ಇನ್ನೂ ಅವನ ಜೇಬಿನಲ್ಲೇ ಇದೆ. ನೀವು ಬರುವುದಾದರೆ ಬೆಂಗಳೂರಿನ ಸ್ಟೇಷನ್ನಿಗೆ ಅವನೇ ಬರುತ್ತಾನೆ. ನಮ್ಮ ಮನೆಗೆ ಬರುವುದು ಬಿಡುವುದು ನಿಮ್ಮ ಇಷ್ಟ. ಅಪ್ಪ ಕರೆಯುವುದಿಲ್ಲ, ಬಂದರೆ ಬಾಗಿಲು ಹಾಕಿಕೊಳ್ಳುವುದೂ ಇಲ್ಲ.

ಈ ಪತ್ರವನ್ನು ಅವರಿಗೆ ಓದಲು ಕೊಟ್ಟೆ. ಇದನ್ನು ಕಳಿಸಬೇಡ ಎಂದು ಅವರು ಹೇಳಿದ್ದರೆ ಏನು ಮಾಡುತ್ತಿದ್ದೆನೋ ತಿಳಿಯದು. ಕನ್ನಡಕ ಒರೆಸಿಕೊಂಡು ಪೂರ್ತಿ ಓದಿದರು. "ಎಲ್ಲಾ ಸರಿಯಾಗಿದೆ, ಇರ್ಲಿ. ಕ್ಷಮಿಸು ಅಂತ ಮಾತ್ರ ಎಲ್ಲೂ ಬರೀಬೇಡ" ಎಂದರು. ಬರೆದಿಲ್ಲ. ಹಾಳೆಗಳನ್ನು ವಾಪಸ್ಸು ಕೊಡುತ್ತಾ, "ಶುಕ್ರವಾರ ದೀಪಾವಳಿ. ಅವರ ಹಬ್ಬ ಕಳೀಲಿ, ಆಮೇಲೆ ಹಾಕು. ಯಾಕೆ ಕೆಡಿಸ್ಬೇಕು?" ಎಂದರು.

ನಾನು ಆಗಲಿ ಎಂದೆ. ಎಂದ ಮೇಲೆ ಎದ್ದು ಅಡುಗೆಮನೆಗೆ, ಅಲ್ಲಿಂದ ಹಿತ್ತಲಿಗೆ, ಮತ್ತೆ ಇಲ್ಲಿಗೆ ಓಡಾಡಿದೆ. ಈಗ ಅವರು ಮಲಗಿದ್ದಾರೆ, ಲಕೋಟೆಯ ಮೇಲೆ ವಿಳಾಸ ಬರೆದಾಗಿದೆ.

ಹಬ್ಬದವರೆಗೆ ಕಾಯುವುದಿಲ್ಲ. ನಾಳೆ ಬೆಳಿಗ್ಗೆ ಪೋಸ್ಟಾಫೀಸು ಬಾಗಿಲು ತೆರೆಯುವಾಗ ಅಲ್ಲಿರುತ್ತೇನೆ. ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತೇನೆ.

ತನುಜ

ಅಂಚೆಗೆ ಹಾಕುವ ದಿನ: ಸೋಮವಾರ, 5 ನವೆಂಬರ್ 2007